ತಗಡಿನ ಪೆಟ್ಟಿಗೆಯ ಲೆಕ್ಕ: ಕಂಪ್ಯೂಟರ್ ಕ್ಯಾಬಿನೆಟ್ ಆಯ್ಕೆಯ ಚರಿತ್ರೆ

ಬಿಡಿಭಾಗಗಳನ್ನು ಕೊಂಡು ತಂದು ಕಂಪ್ಯೂಟರ್ ಜೋಡಿಸುವವರು ಕ್ಯಾಬಿನೆಟ್ಟನ್ನು ಸಾಮಾನ್ಯವಾಗಿ ಕೊನೆಗೆ ಆರಿಸುತ್ತಾರೆ. ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡುಗಳಿಗೆ ಖರ್ಚು ಮಾಡಿ ಉಳಿದ ಹಣ ಅದರ ಪಾಲಿಗೆ ಬರುತ್ತದೆ. ಅದನ್ನು ಬೇರೆಯಾಗಿ ಆರಿಸಲು ಸಾಧ್ಯವಾಗಿರುವುದೇ ಒಂದು ವಿಶೇಷ. ಒಬ್ಬ ತಯಾರಕನ ಪೆಟ್ಟಿಗೆಯಲ್ಲಿ ಇನ್ನೊಬ್ಬನ ಬೋರ್ಡು ಕೂರಬೇಕಾದರೆ ಸ್ಕ್ರೂ ತೂತುಗಳು ಎಲ್ಲಿರಬೇಕು, ಹಿಂಬದಿಯ ಕಿಂಡಿ ಎಷ್ಟು ಅಗಲ ಇರಬೇಕು ಎಂಬುದರಲ್ಲಿ ಇಬ್ಬರಿಗೂ ಹೊಂದಿಕೆ ಇರಬೇಕು. ಟೀವಿ, ರೇಡಿಯೊ, ಫ್ರಿಜ್ಜುಗಳಲ್ಲಿ ಇಂಥ ಹೊಂದಿಕೆ ಎಂದೂ ಹುಟ್ಟಲಿಲ್ಲ. ಕಂಪ್ಯೂಟರಿನಲ್ಲಿ ಹುಟ್ಟಿತು, ಅದೂ ಯಾರೂ ಸಭೆ ಸೇರಿ ತೀರ್ಮಾನಿಸದೆ, 1980ರ ದಶಕದಲ್ಲಿ, ನಕಲುಗಾರರ ಕೈಯಲ್ಲಿ.

ಅದಕ್ಕೆ ಮುಂಚೆ ಪೆಟ್ಟಿಗೆ ಯಂತ್ರದೊಂದಿಗೇ ಬರುತ್ತಿತ್ತು, ಇಲ್ಲವೆ ಬರುತ್ತಲೇ ಇರಲಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿದ್ದ ಎಂಐಟಿಎಸ್ ಕಂಪನಿ ಆಲ್ಟೇರ್ 8800 ಎಂಬ ಯಂತ್ರವನ್ನು ಕಿಟ್ ರೂಪದಲ್ಲಿ 397 ಡಾಲರಿಗೆ ಮಾರಾಟಕ್ಕಿಟ್ಟಿತು. ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ಅದರ ಚಿತ್ರ ಬಂತು. ತಯಾರಾಗಿದ್ದ ಮಾದರಿ ಪತ್ರಿಕೆಯ ಕಚೇರಿಗೆ ಹೋಗುವ ದಾರಿಯಲ್ಲಿ ಕಳೆದುಹೋಗಿತ್ತು. ಆದ್ದರಿಂದ ಮುಖಪುಟದಲ್ಲಿ ಅಚ್ಚಾದದ್ದು ಒಳಗೆ ಏನೂ ಇಲ್ಲದ ಪೆಟ್ಟಿಗೆಯ ಚಿತ್ರ. ವೈಯಕ್ತಿಕ ಕಂಪ್ಯೂಟರಿನ ಯುಗ ಖಾಲಿ ಕ್ಯಾಬಿನೆಟ್ಟಿನ ಫೋಟೊದಿಂದ ಶುರುವಾಯಿತು ಎಂದರೆ ಅತಿಶಯೋಕ್ತಿಯಾಗದು.

1976ರ ಆಪಲ್-1 ಕೊಳ್ಳಲು 666.66 ಡಾಲರ್ ಕೊಟ್ಟವರಿಗೆ ಸಿಗುತ್ತಿದ್ದದ್ದು ಬರಿಯ ಬೋರ್ಡು. ಸುಮಾರು 200 ಬೋರ್ಡುಗಳಷ್ಟೇ ತಯಾರಾದವು. ಕೊಂಡವರಲ್ಲಿ ಹಲವರು ಅದಕ್ಕೆ ಮರದ ಪೆಟ್ಟಿಗೆ ಮಾಡಿಸಿಕೊಂಡರು. ಮುಂದಿನ ವರ್ಷದ ಆಪಲ್-2ಕ್ಕೆ ಜೆರ್ರಿ ಮ್ಯಾನಾಕ್ ವಿನ್ಯಾಸ ಮಾಡಿದ ಪ್ಲಾಸ್ಟಿಕ್ ಹೊದಿಕೆ ಇತ್ತು. ಸ್ಕ್ರೂ ಬಿಚ್ಚದೆ ಎತ್ತಬಹುದಾದ ಮುಚ್ಚಳ, ಅದರ ಕೆಳಗೆ 8 ಸ್ಲಾಟುಗಳು. ಫ್ಯಾನ್ ಇರಲಿಲ್ಲ, ರಾಡ್ ಹೋಲ್ಟ್ ರೂಪಿಸಿದ ಸ್ವಿಚಿಂಗ್ ಪವರ್ ಸಪ್ಲೈ ಹಳೆಯ ಬಗೆಯವುಗಳಿಗಿಂತ ಕಡಿಮೆ ಬಿಸಿಯಾಗುತ್ತಿದ್ದುದರಿಂದ ಅದರ ಅಗತ್ಯ ಬೀಳಲಿಲ್ಲ. ನಮ್ಮ ಅಂಗಡಿಗಳಲ್ಲಿ ಎಸ್‌ಎಂಪಿಎಸ್ ಎಂದು ಕೇಳಿ ಪಡೆಯುವ ಡಬ್ಬ ಇದೇ ತತ್ತ್ವದ್ದು.

ಪ್ಲಾಸ್ಟಿಕ್ ಹೀಗೆಯೇ ಮುಂದುವರಿಯಬಹುದಿತ್ತು. ಅದಕ್ಕೆ ಅಡ್ಡ ಬಂದದ್ದು ಪಕ್ಕದ ಕೋಣೆಯ ಟೀವಿ. ಬೋರ್ಡಿನಲ್ಲಿ ಸೆಕೆಂಡಿಗೆ ಲಕ್ಷಾಂತರ ಸಲ ಬದಲಾಗುವ ವಿದ್ಯುತ್ ಸಂಕೇತಗಳು ರೇಡಿಯೊ ಅಲೆಗಳನ್ನು ಹೊರಸೂಸುತ್ತವೆ; ಟೀವಿ ಪರದೆಯ ಮೇಲೆ ಗೆರೆ ಮೂಡುತ್ತದೆ. ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗ ಎಫ್‌ಸಿಸಿ, ಮನೆಬಳಕೆಯ ಕಂಪ್ಯೂಟರುಗಳ ಈ ಸೋರಿಕೆಗೆ 1979ರಲ್ಲಿ ಮಿತಿ ವಿಧಿಸಿತು. ಅಟಾರಿ 800 ಯಂತ್ರದ ಪ್ಲಾಸ್ಟಿಕ್ಕಿನೊಳಗೆ ದಪ್ಪ ಅಲ್ಯೂಮಿನಿಯಂ ಎರಕದ ಕವಚ ಇದ್ದದ್ದು ಟೀವಿಗೆ ತೊಂದರೆಯಾಗದಿರಲೆಂದು. ಟ್ಯಾಂಡಿ ಕಂಪನಿಯ ಟಿಆರ್‌ಎಸ್-80 ಮಾಡೆಲ್ 1 ಹೊಸ ಮಿತಿಗೆ ಒಗ್ಗಲಿಲ್ಲ; 1981ರ ಹೊತ್ತಿಗೆ ಅಮೆರಿಕದಲ್ಲಿ ಅದರ ಮಾರಾಟ ನಿಂತಿತು. ನಾಲ್ಕೂ ಕಡೆ ಲೋಹದಿಂದ ಸುತ್ತುವರಿದು ಅದನ್ನು ನೆಲಕ್ಕೆ ಅರ್ಥಿಂಗ್ ಮಾಡುವುದೇ ಅಗ್ಗದ ಪರಿಹಾರವೆಂದು ತಿಳಿದ ಮೇಲೆ ಉಕ್ಕಿನ ತಗಡು ಕಂಪ್ಯೂಟರಿನ ಮೈಯಾಯಿತು.

ಫ್ಲಾರಿಡಾದ ಬೋಕಾ ರಾಟನ್‌ನಲ್ಲಿ ತಯಾರಾಗಿ 1981ರ ಆಗಸ್ಟ್ 12ರಂದು ಬಿಡುಗಡೆಯಾದ ಐಬಿಎಂ ಪಿಸಿ ಅಂಥದೊಂದು ಉಕ್ಕಿನ ಪೆಟ್ಟಿಗೆ. ಒಳಗೆ 5 ಸ್ಲಾಟು, 63.5 ವ್ಯಾಟಿನ ಪವರ್ ಸಪ್ಲೈ. ಪ್ರೊಸೆಸರಿನ ಮೇಲೆ ಶಾಖ ಹೀರುವ ಲೋಹದ ತುಂಡೂ ಇರಲಿಲ್ಲ. ಸ್ಲಾಟುಗಳ ನಡುವಿನ ಅಂತರ 1 ಇಂಚು. 1983ರಲ್ಲಿ ಬಂದ ಪಿಸಿ ಎಕ್ಸ್‌ಟಿಯಲ್ಲಿ 8 ಸ್ಲಾಟುಗಳನ್ನು ಹಿಡಿಸಬೇಕಾಗಿ ಬಂದಾಗ ಈ ಅಂತರವನ್ನು 0.8 ಇಂಚಿಗೆ, ಅಂದರೆ 20.32 ಮಿಲಿಮೀಟರಿಗೆ ಇಳಿಸಲಾಯಿತು. ಒಂದು ಪೆಟ್ಟಿಗೆಯ ಅನುಕೂಲಕ್ಕಾಗಿ ಮಾಡಿದ ಈ ಸಣ್ಣ ಬದಲಾವಣೆ ಇಂದಿಗೂ ಜಾರಿಯಲ್ಲಿದೆ. ಗ್ರಾಫಿಕ್ಸ್ ಕಾರ್ಡನ್ನು ‘ಎರಡು ಸ್ಲಾಟಿನದು’, ‘ಮೂರು ಸ್ಲಾಟಿನದು’ ಎಂದು ಹೇಳುವಾಗ ಲೆಕ್ಕಕ್ಕೆ ಸಿಗುವುದು ಎಕ್ಸ್‌ಟಿಯ ಇದೇ ಅಳತೆ.

ಐಬಿಎಂ ತನ್ನ ಯಂತ್ರದ ಸರ್ಕ್ಯೂಟ್ ನಕ್ಷೆಗಳನ್ನು ತಾಂತ್ರಿಕ ಕೈಪಿಡಿಯಲ್ಲಿ ಅಚ್ಚು ಹಾಕಿ ಮಾರುತ್ತಿತ್ತು. ಸ್ಕ್ರೂ ತೂತುಗಳ ಜಾಗ ತಿಳಿಯಲು ಅದೂ ಬೇಕಿರಲಿಲ್ಲ, ಒಂದು ಸ್ಕೇಲು ಸಾಕಿತ್ತು. 1984ರ ಪಿಸಿ ಎಟಿ ಬಂದ ಮೇಲೆ ತೈವಾನಿನ ಕಾರ್ಖಾನೆಗಳು ಅದರ ಬೋರ್ಡನ್ನೂ ಪೆಟ್ಟಿಗೆಯನ್ನೂ ಬೇರೆ ಬೇರೆಯಾಗಿ ತಯಾರಿಸತೊಡಗಿದವು. ಎಟಿಯ ಬೋರ್ಡು 12 ಇಂಚು ಅಗಲದ ಭಾರಿ ಹಲಗೆ. ಚಿಪ್ಪುಗಳು ಕಿರಿದಾದಂತೆ ಅದೇ ತೂತುಗಳಿಗೆ ಹೊಂದುವ, ಸುಮಾರು 8.5 ಇಂಚು ಅಗಲದ ಬೇಬಿ ಎಟಿ ಬೋರ್ಡು ಚಾಲ್ತಿಗೆ ಬಂತು. ಐಬಿಎಂ 1987ರಲ್ಲಿ ಪಿಎಸ್/2 ಸರಣಿಯೊಂದಿಗೆ ಹೊಸ ಸ್ಲಾಟು, ಹೊಸ ಅಳತೆ, ಹೊಸ ಪೆಟ್ಟಿಗೆ ತಂದು ನಕಲುಗಾರರನ್ನು ದೂರವಿಡಲು ಯತ್ನಿಸಿತು. ಅಷ್ಟರಲ್ಲಿ ಹಳೆಯ ಅಳತೆ ಐಬಿಎಂನ ಕೈ ಮೀರಿತ್ತು. ನಕಲುಗಾರರು ಎಟಿಯಲ್ಲೇ ಉಳಿದರು, ಜಗತ್ತು ಅವರ ಹಿಂದೆ ಹೋಯಿತು. ಪಿಎಸ್/2 ಸರಣಿಯ ಮಾಡೆಲ್ 60 ಮತ್ತು 80 ಮಾತ್ರ ಒಂದು ಕುರುಹು ಬಿಟ್ಟುಹೋದವು: ಮೇಜಿನ ಮೇಲೆ ಮಾನಿಟರಿನ ಅಡಿ ಮಲಗಿರುತ್ತಿದ್ದ ಪೆಟ್ಟಿಗೆಗೆ ಬದಲಾಗಿ ನೆಲದ ಮೇಲೆ ನಿಲ್ಲುವ ಪೆಟ್ಟಿಗೆ. 1990ರ ದಶಕದಲ್ಲಿ ಟವರ್ ಎಂಬ ಈ ನಿಂತ ಆಕಾರವೇ ರೂಢಿಯಾಯಿತು.

ಆ ಕಾಲದಲ್ಲಿ ಕ್ಯಾಬಿನೆಟ್ ಆರಿಸುವುದೆಂದರೆ ಮುಖ್ಯವಾಗಿ ಖಾನೆಗಳ ಎಣಿಕೆ. ಮುಂಬದಿಯಲ್ಲಿ 5.25 ಇಂಚಿನ ಡ್ರೈವ್ ಕೂರಿಸುವ ಖಾನೆ ಎಷ್ಟು ಎಂಬುದರ ಮೇಲೆ ಮಿನಿ ಟವರ್, ಮಿಡ್ ಟವರ್, ಫುಲ್ ಟವರ್ ಎಂಬ ವಿಂಗಡಣೆ ಬಂತು. ಖಾನೆಗಳ ಕೆಳಗೆ ಬೀಗದ ಕಿಂಡಿ, ಟರ್ಬೊ ಗುಂಡಿ, ಪ್ರೊಸೆಸರಿನ ವೇಗ ತೋರಿಸುವ ಕೆಂಪು ಅಥವಾ ಹಸಿರು ಅಂಕಿಗಳು ಇರುತ್ತಿದ್ದವು. ಈ ಅಂಕಿಗಳು ಏನನ್ನೂ ಅಳೆಯುತ್ತಿರಲಿಲ್ಲ. ಜೋಡಿಸಿದವನು ಹಿಂದಿನ ಜಂಪರುಗಳನ್ನು ಹೇಗೆ ಇಟ್ಟಿರುತ್ತಾನೋ ಆ ಸಂಖ್ಯೆ ಹೊಳೆಯುತ್ತಿತ್ತು. 33ರ ಯಂತ್ರವನ್ನು 66 ಎಂದು ತೋರಿಸಲು ಒಂದು ನಿಮಿಷದ ಕೆಲಸ. ತಗಡಿನ ಒಳ ಅಂಚುಗಳನ್ನು ಮಡಿಸದೆ ಬಿಡುತ್ತಿದ್ದುದರಿಂದ ಬೆರಳು ಕೊಯ್ದುಕೊಳ್ಳದೆ ಜೋಡಣೆ ಮುಗಿಯುವುದು ಅಪರೂಪವಾಗಿತ್ತು. ಅಪಾಯ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಎಟಿ ಕ್ಯಾಬಿನೆಟ್ಟಿನ ಸ್ವಿಚ್ಚಿಗೆ ಗೋಡೆಯ ಪೂರ್ಣ ವೋಲ್ಟೇಜಿನ ತಂತಿಯೇ ಬರುತ್ತಿತ್ತು. ಬೋರ್ಡಿಗೆ ವಿದ್ಯುತ್ ಕೊಡುವ ಪಿ8, ಪಿ9 ಎಂಬ ಎರಡು ಕನೆಕ್ಟರುಗಳನ್ನು ಅದಲುಬದಲಾಗಿ ಸಿಕ್ಕಿಸಿದರೆ ಬೋರ್ಡು ಸುಟ್ಟುಹೋಗುತ್ತಿತ್ತು. ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು ಎಂಬ ಸೂತ್ರ ಪ್ರತಿ ಮೆಕ್ಯಾನಿಕ್ಕಿಗೂ ಬಾಯಿಪಾಠ.

ಈ ಗೋಜಲನ್ನು ಬಿಡಿಸಲು ಇಂಟೆಲ್ 1995ರಲ್ಲಿ ಎಟಿಎಕ್ಸ್ ಎಂಬ ಮಾನದಂಡವನ್ನು ಪ್ರಕಟಿಸಿತು. ಬೇಬಿ ಎಟಿ ಬೋರ್ಡನ್ನು 90 ಡಿಗ್ರಿ ತಿರುಗಿಸಿದಂತೆ ಕಾಣುವ ಈ ಹಲಗೆಯ ಅಳತೆ 305 x 244 ಮಿಲಿಮೀಟರ್. ತಿರುಗಿಸಿದ್ದಕ್ಕೆ ಕಾರಣವಿತ್ತು. ಎಟಿ ಬೋರ್ಡುಗಳಲ್ಲಿ ಪ್ರೊಸೆಸರ್ ಸ್ಲಾಟುಗಳ ಎದುರಿಗೇ ಕೂರುತ್ತಿತ್ತು; ಅದರ ಮೇಲೆ ಶಾಖ ಹೀರುವ ಲೋಹ, ಫ್ಯಾನು ಬಂದ ಮೇಲೆ ಉದ್ದದ ಕಾರ್ಡುಗಳು ಹಿಡಿಯದಾದವು. ಎಟಿಎಕ್ಸ್ ಅದನ್ನು ಸ್ಲಾಟುಗಳಿಂದ ದೂರಕ್ಕೆ, ಪವರ್ ಸಪ್ಲೈ ಹತ್ತಿರಕ್ಕೆ ಸರಿಸಿತು. ಎಟಿ ಬೋರ್ಡಿನ ಹಿಂಬದಿಯಲ್ಲಿ ಬೆಸುಗೆಯಾಗಿದ್ದದ್ದು ಕೀಬೋರ್ಡಿನ ಸಾಕೆಟ್ ಒಂದೇ. ಪ್ರಿಂಟರ್ ಮತ್ತಿತರ ಪೋರ್ಟುಗಳನ್ನು ತಂತಿಯ ಮೂಲಕ ಕ್ಯಾಬಿನೆಟ್ಟಿನ ಹಿಂಭಾಗಕ್ಕೆ ಎಳೆಯಬೇಕಿತ್ತು. ಎಟಿಎಕ್ಸ್ ಎಲ್ಲ ಪೋರ್ಟುಗಳನ್ನೂ ಬೋರ್ಡಿನ ಅಂಚಿಗೇ ತಂದು, ಅವಕ್ಕೆ 6.25 x 1.75 ಇಂಚಿನ ಒಂದು ಕಿಂಡಿ ಗೊತ್ತುಮಾಡಿತು. ಪೋರ್ಟುಗಳ ಜಾಗ ಬೋರ್ಡಿನಿಂದ ಬೋರ್ಡಿಗೆ ಬದಲಾದರೂ ಕಿಂಡಿ ಬದಲಾಗುವುದಿಲ್ಲ. ನಡುವಿನ ವ್ಯತ್ಯಾಸವನ್ನು ಬೋರ್ಡಿನ ಜೊತೆಗೇ ಬರುವ ತೆಳು ತಗಡು ತುಂಬುತ್ತದೆ. 30 ವರ್ಷಗಳಲ್ಲಿ ಸೀರಿಯಲ್ ಪೋರ್ಟು ಹೋಗಿ ಯುಎಸ್‌ಬಿ ಬಂತು, ವೈಫೈ ಆಂಟೆನಾ ಬಂತು. ಕಿಂಡಿ ಮಾತ್ರ ಹಾಗೆಯೇ ಇದೆ. ಇಡೀ ಮಾನದಂಡದಲ್ಲಿ ಇದಕ್ಕಿಂತ ಜಾಣತನದ ಅಂಶ ಇನ್ನೊಂದಿಲ್ಲ.

ಸ್ವಿಚ್ಚೂ ಬದಲಾಯಿತು. ಎಟಿಎಕ್ಸ್ ಪವರ್ ಸಪ್ಲೈ 5 ವೋಲ್ಟನ್ನು ಸದಾ ಸಿದ್ಧವಾಗಿಟ್ಟು ಬೋರ್ಡಿನ ಸಂಕೇತಕ್ಕಾಗಿ ಕಾಯುತ್ತದೆ. ಮುಂಬದಿಯ ಗುಂಡಿ ಆ ಸಂಕೇತ ಕೊಡಿಸುವ ನಿರಪಾಯಕಾರಿ ಒತ್ತುಗುಂಡಿಯಾಯಿತು. ಗಾಳಿಯ ವಿಷಯದಲ್ಲಿ ಮಾತ್ರ ಇಂಟೆಲ್ ಲೆಕ್ಕ ತಪ್ಪಿತು. ಪವರ್ ಸಪ್ಲೈನ ಫ್ಯಾನು ಹೊರಗಿನ ಗಾಳಿಯನ್ನು ಒಳಗೆಳೆದು ಪ್ರೊಸೆಸರಿನ ಮೇಲೆ ಊದಲಿ, ಇನ್ನೊಂದು ಫ್ಯಾನಿನ ಖರ್ಚು ಉಳಿಯಲಿ ಎಂಬುದು ಮೊದಲ ಆವೃತ್ತಿಯ ಯೋಚನೆ. ಆದರೆ ಪವರ್ ಸಪ್ಲೈ ದಾಟಿ ಬರುವಷ್ಟರಲ್ಲಿ ಆ ಗಾಳಿಯೇ ಬಿಸಿಯಾಗಿರುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ದಿಕ್ಕು ಹಿಂದುಮುಂದಾಗಿ ಫ್ಯಾನು ಗಾಳಿಯನ್ನು ಹೊರಗೆ ತಳ್ಳತೊಡಗಿತು.

ಎಟಿಎಕ್ಸ್ ಮೊಳೆ ಹೊಡೆದು ಕೂತ ಮೇಲೆ ಅದರದೇ ತೂತುಗಳನ್ನು ಹಂಚಿಕೊಳ್ಳುವ ಸಣ್ಣ ಬೋರ್ಡುಗಳು ಬಂದವು. 1997ರ ಮೈಕ್ರೊ ಎಟಿಎಕ್ಸ್ 244 ಮಿಲಿಮೀಟರ್ ಚೌಕ. 2001ರಲ್ಲಿ ತೈವಾನಿನ ವಿಯಾ ಕಂಪನಿ ತಂದ ಮಿನಿ ಐಟಿಎಕ್ಸ್ 170 ಮಿಲಿಮೀಟರ್ ಚೌಕ. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಸಣ್ಣ ಬೋರ್ಡು ಕೂರುತ್ತದೆ, ಸಣ್ಣದರಲ್ಲಿ ದೊಡ್ಡದು ಕೂರುವುದಿಲ್ಲ. ಆಯ್ಕೆಯ ಮೊದಲ ಮೆಟ್ಟಿಲು ಇಂದಿಗೂ ಇದೇ.

ಭಾರತದಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರು ಮನೆಮಾತಾದದ್ದು ಇದೇ ಹೊತ್ತಿನಲ್ಲಿ. ಡೆಲ್ಲಿಯ ನೆಹರೂ ಪ್ಲೇಸ್, ಮುಂಬೈನ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್ ಇದ್ದಂತೆ ಬೆಂಗಳೂರಿಗೆ ಸಾದರ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್‌ಪಿ ರೋಡ್. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, 2005ರ ಹೊತ್ತಿಗೆ ಕಂಪ್ಯೂಟರ್ ಸಾಮಗ್ರಿಗಳ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿದ್ದು ಈ ಬೀದಿಗಳಿಗೆ ಕಸುವು ತುಂಬಿತು. ಇಲ್ಲಿ ಕ್ಯಾಬಿನೆಟ್ಟಿಗೆ ಪ್ರತ್ಯೇಕ ಆಯ್ಕೆಯೆಂಬುದು ಬಹುಕಾಲ ಇರಲಿಲ್ಲ. ಎಸ್‌ಎಂಪಿಎಸ್ ಸಮೇತ ಒಂದೇ ಬೆಲೆಗೆ ಮಾರುತ್ತಿದ್ದರು. ಅಗ್ಗದ ಎಸ್‌ಎಂಪಿಎಸ್‌ಗಳ ಲೇಬಲ್ಲಿನಲ್ಲಿ ಬರೆದ ವ್ಯಾಟನ್ನು ಬಲ್ಲವರು ನಂಬುತ್ತಿರಲಿಲ್ಲ. ಡಬ್ಬವನ್ನು ಕೈಯಲ್ಲಿ ಎತ್ತಿ ತೂಕ ನೋಡುವುದೇ ಪರೀಕ್ಷೆ. ಹಿಂದಿನ 115-230 ವೋಲ್ಟಿನ ಕೆಂಪು ಸ್ವಿಚ್ಚು 115ರಲ್ಲೇ ಉಳಿದಿದ್ದರೆ ಮೊದಲ ಸಲ ಪ್ಲಗ್ಗಿಗೆ ಹಾಕಿದಾಗಲೇ ಅದು ಢಂ ಎನ್ನುತ್ತಿತ್ತು. ಮನೆಗೆ ಬಂದ ಮೇಲೆ ಇನ್ನೊಂದು ಸಂಕಟ: ಕಂಪ್ಯೂಟರ್ ಟೇಬಲ್ಲಿನಲ್ಲಿ ‘ಸಿಪಿಯು’ ಇಡಲೆಂದೇ ಮೂರು ಕಡೆ ಮುಚ್ಚಿದ ಗೂಡು. ಹಿಂದೆ ತಳ್ಳಿದ ಬಿಸಿ ಗಾಳಿ ಗೂಡಿನೊಳಗೇ ಸುತ್ತಿ ಮುಂದಿನಿಂದ ಮತ್ತೆ ಒಳಹೋಗುತ್ತಿತ್ತು.

ಬಿಸಿಯ ಪ್ರಶ್ನೆ ಗಂಭೀರವಾದದ್ದು ಹೊಸ ಶತಮಾನದ ಆರಂಭದಲ್ಲಿ. 1993ರ ಮೊದಲ ಪೆಂಟಿಯಂ ಸುಮಾರು 15 ವ್ಯಾಟಿನ ಆಸುಪಾಸಿನಲ್ಲಿತ್ತು, 2004ರ 3.8 ಗಿಗಾಹರ್ಟ್ಸ್ ಪೆಂಟಿಯಂ 4ರ ಅಂಕಿ 115 ವ್ಯಾಟ್. ಪ್ರೊಸೆಸರಿನ ಫ್ಯಾನು ಸೇದುವ ಗಾಳಿ 38 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದು ಇಂಟೆಲ್ ಕ್ಯಾಬಿನೆಟ್ ತಯಾರಕರಿಗೆ ಗುರಿ ಕೊಟ್ಟಿತು. ಪಕ್ಕದ ತಗಡಿನಲ್ಲಿ ತೂತುಗಳನ್ನು ಕೊರೆದು, ಅಲ್ಲಿಂದ ಪ್ರೊಸೆಸರಿನ ತಲೆಯವರೆಗೆ ಪ್ಲಾಸ್ಟಿಕ್ಕಿನ ಕೊಳವೆ ಇಳಿಬಿಟ್ಟ ಕ್ಯಾಬಿನೆಟ್ಟುಗಳು ಆಗ ಎಲ್ಲೆಡೆ ಕಂಡವು. ಕೋಣೆ 35 ಡಿಗ್ರಿ ಇದ್ದೀತೆಂದು ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಬೇಸಿಗೆಯಲ್ಲಿ 40 ದಾಟುವ ರಾಯಚೂರು, ಕಲಬುರಗಿಗಳಲ್ಲಿ ಕೋಣೆಯ ಗಾಳಿಯೇ ಗುರಿಯನ್ನು ಮೀರಿರುತ್ತಿತ್ತು.

ತೇಪೆ ಹಾಕುವ ಬದಲು ಬುಡದಿಂದಲೇ ಸರಿಮಾಡಲು ಇಂಟೆಲ್ 2003ರಲ್ಲಿ ಬಿಟಿಎಕ್ಸ್ ಎಂಬ ಹೊಸ ಜೋಡಣೆಯನ್ನು ಮುಂದಿಟ್ಟಿತು. ಮುಂಬದಿಯಲ್ಲಿ ದೊಡ್ಡ ಫ್ಯಾನು, ಅದರ ನೇರ ಎದುರಿಗೆ ಪ್ರೊಸೆಸರ್, ಅದರ ಹಿಂದೆ ಉಳಿದ ಚಿಪ್ಪುಗಳು: ತಂಗಾಳಿ ಒಂದೇ ಸಾಲಿನಲ್ಲಿ ಎಲ್ಲವನ್ನೂ ಸವರಿ ಹೊರಹೋಗುತ್ತದೆ. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಎಟಿಎಕ್ಸ್‌ಗಿಂತ ಮೇಲಾಗಿತ್ತು. ಡೆಲ್‌ನಂಥ ಕಂಪನಿಗಳು ಬಳಸಿದವು ಕೂಡ. ಬಿಡಿಭಾಗಗಳ ಮಾರುಕಟ್ಟೆ ಮಾತ್ರ ಹತ್ತಿರ ಸುಳಿಯಲಿಲ್ಲ. ಹಳೆಯ ಬೋರ್ಡು ಹೊಸ ಕ್ಯಾಬಿನೆಟ್ಟಿಗೆ ಕೂರದು, ಹೊಸ ಬೋರ್ಡು ಹಳೆಯದಕ್ಕೆ ಕೂರದು. ಕೊಳ್ಳುವವನು ಎರಡನ್ನೂ ಒಟ್ಟಿಗೆ ಬದಲಿಸಬೇಕಿತ್ತು. ಮೆಮೊರಿಯ ನಿಯಂತ್ರಣವನ್ನು ಪ್ರೊಸೆಸರಿನೊಳಗೇ ಇಟ್ಟ ಎಎಂಡಿಯ ಅಥ್ಲಾನ್ 64ಕ್ಕೆ ಆ ಜೋಡಣೆಯಲ್ಲಿ ತಂತಿಹಾದಿ ಎಳೆಯುವುದು ಕಷ್ಟವಾಗಿತ್ತು. 2006ರ ಜುಲೈಯಲ್ಲಿ ಇಂಟೆಲ್ಲಿನದೇ ಕೋರ್ 2 ಡ್ಯುಯೊ 65 ವ್ಯಾಟಿನಲ್ಲಿ ಹೆಚ್ಚು ಕೆಲಸ ಮಾಡಿ ತೋರಿಸಿದ ಮೇಲೆ ಬಿಟಿಎಕ್ಸ್‌ನ ಅಗತ್ಯವೇ ಉಳಿಯಲಿಲ್ಲ. ಅದೇ ವರ್ಷ ಇಂಟೆಲ್ ಕೈಬಿಟ್ಟಿತು.

ಎಟಿಎಕ್ಸ್ ತೂತುಗಳನ್ನು ಮುಟ್ಟದೆಯೇ ಸುಧಾರಣೆ ನಡೆದದ್ದು ಹವ್ಯಾಸಿಗಳ ಒತ್ತಡದಿಂದ. 1998ರಲ್ಲಿ ಸೆಲೆರಾನ್ 300ಎ ಪ್ರೊಸೆಸರನ್ನು 450 ಮೆಗಾಹರ್ಟ್ಸಿಗೆ ಏರಿಸಿ ಓಡಿಸುವ ಚಟ ಹರಡಿದಾಗ, ಫ್ಯಾನಿಗಾಗಿ ತಗಡು ಕೊರೆಯುವುದೂ ಶುರುವಾಯಿತು. ಕೊರೆದ ಮೇಲೆ ಒಳಗೆ ಕಾಣಲೆಂದು ಅಕ್ರಿಲಿಕ್ ಕಿಟಕಿ, ಕತ್ತಲಲ್ಲಿ ಹೊಳೆಯಲೆಂದು ಟ್ಯೂಬು. ತೈವಾನಿನ ಲಿಯಾನ್ ಲಿ ಮತ್ತು ಕೂಲರ್ ಮಾಸ್ಟರ್ ಅಲ್ಯೂಮಿನಿಯಂ ಕ್ಯಾಬಿನೆಟ್ಟುಗಳನ್ನು ತಂದವು. ನೋಡಲು ಚೆಂದ, ಎತ್ತಲು ಹಗುರ. ಅಲ್ಯೂಮಿನಿಯಂ ಶಾಖವನ್ನು ಚೆನ್ನಾಗಿ ಹಾಯಿಸುವುದರಿಂದ ಯಂತ್ರ ತಂಪಾಗಿರುತ್ತದೆ ಎಂಬ ಜಾಹೀರಾತಿನ ಮಾತಿಗೆ ಹೆಚ್ಚು ಅರ್ಥವಿರಲಿಲ್ಲ, ಏಕೆಂದರೆ ಬಿಸಿ ಚಿಪ್ಪುಗಳು ಕ್ಯಾಬಿನೆಟ್ಟಿನ ಗೋಡೆಗೆ ತಾಗಿರುವುದಿಲ್ಲ. ಶಾಖವನ್ನು ಹೊತ್ತೊಯ್ಯುವುದು ಗಾಳಿ.

ಗಾಳಿಯ ಜೊತೆ ಸದ್ದಿನ ಲೆಕ್ಕವೂ ಸೇರಿದ್ದು 2005ರ ಆಂಟೆಕ್ ಪಿ180ರಲ್ಲಿ. ಸದ್ದಿಲ್ಲದ ಕಂಪ್ಯೂಟರುಗಳ ಬಗ್ಗೆ ಬರೆಯುತ್ತಿದ್ದ ಮೈಕ್ ಚಿನ್ ಅವರ ಸಹಯೋಗದಲ್ಲಿ ರೂಪುಗೊಂಡ ಈ ಕ್ಯಾಬಿನೆಟ್ಟಿನಲ್ಲಿ ಪವರ್ ಸಪ್ಲೈ ಮೇಲಿನಿಂದ ತಳಕ್ಕೆ, ಪ್ರತ್ಯೇಕ ಕೋಣೆಗೆ ಇಳಿಯಿತು. ಪ್ರೊಸೆಸರಿನ ಬಿಸಿಗಾಳಿ ಅದನ್ನು ಹಾಯಬೇಕಾಗಿಲ್ಲದ್ದರಿಂದ ಅದರ ಫ್ಯಾನು ನಿಧಾನವಾಗಿ ತಿರುಗಬಹುದಿತ್ತು. ಫ್ಯಾನುಗಳೂ 80 ಮಿಲಿಮೀಟರಿನಿಂದ 120ಕ್ಕೆ, 140ಕ್ಕೆ ಬೆಳೆದವು. ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ಸಾಗಿಸುತ್ತದೆ. ಪವರ್ ಸಪ್ಲೈ ತಳದಲ್ಲಿರುವುದು ಕೆಲವೇ ವರ್ಷಗಳಲ್ಲಿ ಸಾಮಾನ್ಯವಾಯಿತು.

ಅಷ್ಟರಲ್ಲಿ ಖಾನೆಗಳ ಕಾಲ ಮುಗಿಯುತ್ತ ಬಂದಿತ್ತು. ಸಿಡಿ, ಡಿವಿಡಿ ಬೇಡವಾದವು. ಹಾರ್ಡ್ ಡಿಸ್ಕಿನ ಬದಲು ಬೋರ್ಡಿಗೇ ಸಿಕ್ಕಿಸುವ ಎಸ್‌ಎಸ್‌ಡಿ ಬಂತು. 2014ರ ಎನ್‌ಝಡ್‌ಎಕ್ಸ್‌ಟಿ ಎಚ್440, 5.25 ಇಂಚಿನ ಖಾನೆಗಳನ್ನು ಪೂರಾ ತೆಗೆದುಹಾಕಿ ಪವರ್ ಸಪ್ಲೈಗೆ ತಗಡಿನ ಮುಸುಕು ಹಾಕಿತು. ಮುಂಬದಿಯಲ್ಲಿ ಖಾಲಿಯಾದ ಜಾಗ ಫ್ಯಾನುಗಳಿಗೆ ಸಿಗಬೇಕಿತ್ತು. 2016ರ ಸುಮಾರಿಗೆ ಬಂದ ಗಟ್ಟಿ ಗಾಜಿನ ಅಲೆ ಅದನ್ನು ಕಸಿದುಕೊಂಡಿತು. ಬಣ್ಣ ಬದಲಿಸುವ ದೀಪಗಳನ್ನು ತೋರಿಸಲು ಪಕ್ಕಕ್ಕೆ ಮಾತ್ರವಲ್ಲ, ಮುಂಬದಿಗೂ ಗಾಜು. ರೇಡಿಯೊ ಅಲೆ ತಡೆಯಲೆಂದು ಹುಟ್ಟಿದ ಲೋಹದ ಕವಚ ಒಂದು ಕಡೆ ತೆರೆದುಕೊಂಡಿತು, ಉಸಿರಾಡುವ ಬಾಯಿಯೂ ಮುಚ್ಚಿತು. ಅಂದಕ್ಕಾಗಿ ಯಂತ್ರವನ್ನು ಬೇಯಿಸಿದ ಈ ಕೆಲವು ವರ್ಷಗಳು ಕ್ಯಾಬಿನೆಟ್ ವಿನ್ಯಾಸದ ಹಿನ್ನಡೆಯ ಕಾಲ. ತಿದ್ದುಪಡಿ ಬೇಗನೆ ಬಂತು. ಸ್ವೀಡನ್ನಿನ ಫ್ರ್ಯಾಕ್ಟಲ್ ಡಿಸೈನ್ 2017ರಲ್ಲಿ ಮುಂಬದಿಗೆ ಜಾಲರಿ ಇಟ್ಟ ಮೆಶಿಫೈ ಸಿ ತಂದಿತು. ಫ್ಯಾಂಟೆಕ್ಸ್ ಕಂಪನಿಯ ಪಿ400 ಮುಚ್ಚಿದ ಮುಖದ್ದು. 2019ರಲ್ಲಿ ಅದಕ್ಕೇ ಜಾಲರಿ ಹಾಕಿ ಪಿ400ಎ ಎಂದು ಮಾರಿದಾಗ ಅದು ಬೇರೆಯೇ ಸರಕಾಗಿ ಮೆಚ್ಚುಗೆ ಪಡೆಯಿತು.

ಇನ್ನೊಂದು ಕಡೆ ಪೆಟ್ಟಿಗೆಯನ್ನು ಕುಗ್ಗಿಸುವ ಪಂಥ. ಸಾಮಾನ್ಯ ಮಿಡ್ ಟವರಿನ ಗಾತ್ರ 40-50 ಲೀಟರ್. ಜನರಿಂದ ಮುಂಗಡ ಹಣ ಸಂಗ್ರಹಿಸಿ 2013ರಲ್ಲಿ ತಯಾರಾದ ಎನ್‌ಕೇಸ್ ಎಂ1, ಪೂರ್ಣ ಗಾತ್ರದ ಗ್ರಾಫಿಕ್ಸ್ ಕಾರ್ಡನ್ನು 12.6 ಲೀಟರಿನಲ್ಲಿ ಹಿಡಿಸಿತು. ಅದರ ಬೆನ್ನಿಗೆ ಬಂದ ಡ್ಯಾನ್ ಎ4 ಇನ್ನೂ ಇಳಿದು 7.2 ಲೀಟರಿಗೆ ಮುಟ್ಟಿತು. ಕಾರ್ಡನ್ನು ಬೋರ್ಡಿನ ಬೆನ್ನ ಹಿಂದೆ ಮಡಿಸಿ, ರೈಸರ್ ಕೇಬಲ್ಲಿನಿಂದ ಜೋಡಿಸುವುದು ಡ್ಯಾನ್ ಎ4ರ ಉಪಾಯ. ಇಂಥ ಇಕ್ಕಟ್ಟಿನಲ್ಲಿ ಸಣ್ಣ ತಪ್ಪೂ ದುಬಾರಿ. ಎನ್‌ಝಡ್‌ಎಕ್ಸ್‌ಟಿ ಎಚ್1 ಕ್ಯಾಬಿನೆಟ್ಟಿನಲ್ಲಿ ರೈಸರನ್ನು ಬಿಗಿಯುವ ಸ್ಕ್ರೂ, ವಿದ್ಯುತ್ ಹರಿಯುವ ತಾಮ್ರದ ಪದರಕ್ಕೆ ತಾಗಿ ಬೆಂಕಿಯ ಅಪಾಯ ಕಂಡುಬಂದದ್ದರಿಂದ 2021ರಲ್ಲಿ ಅದನ್ನು ಅಮೆರಿಕದಲ್ಲಿ ಹಿಂದಕ್ಕೆ ಕರೆಸಿಕೊಳ್ಳಲಾಯಿತು.

ಇಂದು ಆಯ್ಕೆಯನ್ನು ನಿರ್ಧರಿಸುವುದು ಗ್ರಾಫಿಕ್ಸ್ ಕಾರ್ಡು. 2022ರ ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಕಾರ್ಡು 304 ಮಿಲಿಮೀಟರ್ ಉದ್ದ, 61 ಮಿಲಿಮೀಟರ್ ದಪ್ಪ, ಅಂದರೆ ಎಕ್ಸ್‌ಟಿಯ ಅಳತೆಯಲ್ಲಿ ಸರಿಯಾಗಿ ಮೂರು ಸ್ಲಾಟು. ಅದೊಂದೇ 450 ವ್ಯಾಟ್ ಬೇಡುತ್ತದೆ. ಮೊದಲ ಐಬಿಎಂ ಪಿಸಿಯ ಇಡೀ ಪವರ್ ಸಪ್ಲೈನ ಏಳು ಪಟ್ಟು. 2025ರ 5090 ಕಾರ್ಡಿನದು 575 ವ್ಯಾಟ್. ಈ ಶಾಖವೆಲ್ಲ ಕ್ಯಾಬಿನೆಟ್ಟಿನ ಒಳಗೇ ಬಿಡುಗಡೆಯಾಗುವುದರಿಂದ ಮುಂಬದಿಯ ಜಾಲರಿ, ಹಿಂಬದಿ ಮತ್ತು ಮೇಲ್ಬದಿಯ ಹೊರದಾರಿಗಳನ್ನು ಮೊದಲು ನೋಡುವುದು ರೂಢಿ. ಆಮೇಲೆ ಅಳತೆಪಟ್ಟಿ: ಕಾರ್ಡಿನ ಉದ್ದಕ್ಕೆ ಜಾಗ, ಪ್ರೊಸೆಸರಿನ ಮೇಲಿನ ಕೂಲರ್ 160-165 ಮಿಲಿಮೀಟರ್ ಎತ್ತರವಿದ್ದರೆ ಪಕ್ಕದ ಗಾಜಿಗೆ ತಾಗದಷ್ಟು ಅಗಲ, ನೀರಿನ ಕೂಲರಾದರೆ ‘360’ ಎಂಬ ಹೆಸರಿನ ರೇಡಿಯೇಟರು ನಿಜದಲ್ಲಿ 390 ದಾಟುತ್ತದೆಂಬ ಎಚ್ಚರ. ಕಳಚಿ ತೊಳೆಯಬಹುದಾದ ಧೂಳಿನ ಜಾಲರಿ ನಮ್ಮ ಊರುಗಳಲ್ಲಿ ಅಲಂಕಾರವಾಗದೆ ಅಗತ್ಯವಾಗಿದೆ. ಒಳಗೆ ಸೇದುವ ಫ್ಯಾನುಗಳು ಹೊರಗೆ ತಳ್ಳುವವುಗಳಿಗಿಂತ ತುಸು ಹೆಚ್ಚಿದ್ದರೆ ಗಾಳಿ ಜಾಲರಿಯ ಮೂಲಕವೇ ಬರುತ್ತದೆ, ಸಂದುಗಳಿಂದ ಧೂಳು ನುಗ್ಗುವುದಿಲ್ಲ.

ಹೊಂದಿಕೆಯ ಹಳೆಯ ಪ್ರಶ್ನೆ ಈಚೆಗೆ ಮತ್ತೆ ಎದ್ದಿದೆ. ಎಂಎಸ್‌ಐ ಮತ್ತು ಆಸುಸ್ ಕಂಪನಿಗಳು 2023ರಿಂದೀಚೆಗೆ ಕನೆಕ್ಟರುಗಳನ್ನು ಬೋರ್ಡಿನ ಬೆನ್ನಿಗೆ ಸರಿಸಿದ ಮಾದರಿಗಳನ್ನು ಮಾರುತ್ತಿವೆ. ಗಾಜಿನಿಂದ ನೋಡಿದರೆ ಒಂದು ತಂತಿಯೂ ಕಾಣದು. ಇದಕ್ಕೆ ಬೋರ್ಡು ಕೂರುವ ತಗಡಿನಲ್ಲಿ ಹೊಸ ತೂತುಗಳು ಬೇಕು, 1995ರ ಎಟಿಎಕ್ಸ್‌ನಲ್ಲಿ ಅವಕ್ಕೆ ಜಾಗ ಹೇಳಿಲ್ಲ. ಎರಡು ಕಂಪನಿಗಳ ಕನೆಕ್ಟರುಗಳು ಒಂದೇ ಜಾಗದಲ್ಲಿಯೂ ಇಲ್ಲ. ಕೆಲವು ಕ್ಯಾಬಿನೆಟ್ ತಯಾರಕರು ತೂತುಗಳನ್ನು ಅಗಲ ಮಾಡಿ ಇಬ್ಬರಿಗೂ ಹೊಂದಿಸುತ್ತಿದ್ದಾರೆ. ಹಳೆಯ ಕ್ಯಾಬಿನೆಟ್ಟಿನಲ್ಲಿ ಇಂಥ ಬೋರ್ಡು ಕೂರುವುದಿಲ್ಲ. ಹೊಸ ಕ್ಯಾಬಿನೆಟ್ಟಿನಲ್ಲಿ ಸಾಮಾನ್ಯ ಎಟಿಎಕ್ಸ್ ಬೋರ್ಡು ಕೂರುತ್ತದೆ.